ಹಾಡು ಊರಿನದು, ಮುದ್ರಣ ಯಾರದು?

ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ ಕಾಲದಲ್ಲಿ ರಂಗಸಂಗೀತಕ್ಕೆ ಬೇಲಿ ಇರಲಿಲ್ಲ. ಪಾರ್ಸಿ ಕಂಪನಿಗಳ ಧಾಟಿ, ಮರಾಠಿ ರಂಗಪದಗಳ ಮಟ್ಟು, ಕಛೇರಿ ಸಂಗೀತದ ರಾಗ ಎಲ್ಲವೂ ಹಾರ್ಮೋನಿಯಂ ಮೇಲೆ ಬಂದು ಕನ್ನಡದ ಸಾಹಿತ್ಯ ಹೊತ್ತು ಹೊರಟವು. ನಾಟಕದ ಪದಗಳ ಪುಸ್ತಿಕೆಗಳಲ್ಲಿ ಹಾಡಿನ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಮರೆಮಾಚದೆ ಅಚ್ಚು ಹಾಕುತ್ತಿದ್ದರು. ಕುಣಿಗಲ್ ಕೆರೆಯ ಹಾಡು ಇಡೀ ಕರ್ನಾಟಕಕ್ಕೆ ಬಾಯಿಪಾಠ, ಅದನ್ನು ಕಟ್ಟಿದವರು ಯಾರೆಂದು ಹೇಳುವವರಿಲ್ಲ. ಕಾಡುಗೊಲ್ಲರು ತಾವು ಆರಾಧಿಸುವ ಜುಂಜಪ್ಪನ ಕಥೆಗೆ ನುಡಿಸುವ ಗಣೆ ಎಂಬ ಕೊಳಲಿನ ವರಸೆಗಳಿಗೂ ಒಬ್ಬ ಒಡೆಯನಿಲ್ಲ. ಹೀಗೆ ಕೊಟ್ಟು ತೆಗೆದುಕೊಂಡೇ ಬೆಳೆದದ್ದು ಈ ತುಮಕೂರು ಸೀಮೆ. ಆದರೂ ಇಲ್ಲಿನ ಒಂದು ಹಾಡನ್ನು ಅಂತರ್ಜಾಲದಿಂದ ಇಳಿಸಿ, ಶಾಲೆಯ ಕಾರ್ಯಕ್ರಮದಲ್ಲೋ ಸಾಕ್ಷ್ಯಚಿತ್ರದಲ್ಲೋ ಅಳುಕಿಲ್ಲದೆ ಬಳಸಬೇಕೆಂದರೆ ಸಿಗುವುದು ತೀರಾ ಕಡಿಮೆ. ಹಾಡುವವರಿಗೆ ಬರವಿಲ್ಲ, ಧ್ವನಿ ಮುದ್ರಿಸುವ ಯಂತ್ರ ಪ್ರತಿ ಜೇಬಿನಲ್ಲೂ ಇದೆ, ಹಂಚುವ ಉತ್ಸಾಹವೂ ಇದೆ. ಕೊರತೆ ಇರುವುದು ಬರೆದಿಟ್ಟ ಅನುಮತಿಯದ್ದು. ಮುಕ್ತ ಸಂಗೀತಕ್ಕಾಗಿ ಒಂದು ಬಳಗ ಕಟ್ಟುವವರು ಹಾಡುಗಳನ್ನು ಪೇರಿಸುವುದಕ್ಕಿಂತ ಮೊದಲು ಅನುಮತಿಗಳನ್ನು ಕಾಪಾಡುವ ಕೆಲಸಕ್ಕೆ ಕೈಹಾಕಬೇಕು ಎಂಬುದು ಈ ಲೇಖನದ ವಾದ.

ಕನ್ನಡದ ಹಾಡು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟಿದಾಗಲೆಲ್ಲ ಏನಾಯಿತು ಎಂದು ನೋಡಿದರೆ ಈ ವಾದಕ್ಕೆ ಆಧಾರ ಸಿಗುತ್ತದೆ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಹಳ್ಳಿಯ ಹೆಂಗಸರ ಪದಗಳಿಗೆ ಸಾಹಿತ್ಯದ ಮನ್ನಣೆ ಬಂತು. ಅದು ದೊಡ್ಡ ಕೆಲಸ. ಆದರೆ ಅಂಥ ಸಂಗ್ರಹಗಳ ಮುಖಪುಟದಲ್ಲಿ ಉಳಿದದ್ದು ಸಂಗ್ರಾಹಕರ ಹೆಸರು, ಹಾಡಿದವರದ್ದಲ್ಲ. ಗ್ರಾಮಫೋನ್ ತಟ್ಟೆ ಅಷ್ಟರಲ್ಲಾಗಲೇ ಬಂದಿತ್ತು. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಿತು. ಅದಕ್ಕೆ ಮಾತು, ಹಾಡು ಬರೆದವರು ತುಮಕೂರು ಸೀಮೆಯ ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಗುಬ್ಬಿ ಕಂಪನಿಗೆ 'ಸದಾರಮೆ' ಬರೆದುಕೊಟ್ಟವರು. ಮರುವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರ ಆರಂಭವಾಯಿತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂದ ಮೇಲೆ ಜನಪದ ಗೀತೆ, ತತ್ವಪದ, ಹರಿಕಥೆ ಬಸ್‌ಸ್ಟ್ಯಾಂಡಿನ ಅಂಗಡಿಗೂ ತಲುಪಿದವು. ಇಷ್ಟು ಕಾಲವೂ ಭಾರತದ ಕಾನೂನಿನಲ್ಲಿ ಹಾಡುಗಾರರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕೇ ಇರಲಿಲ್ಲ. ಪ್ರದರ್ಶಕರ ಹಕ್ಕು ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ್ದು 1994ರ ತಿದ್ದುಪಡಿಯಲ್ಲಿ, ಅಂದರೆ ಕ್ಯಾಸೆಟ್ಟಿನ ಸುಗ್ಗಿ ಶುರುವಾಗಿ ಎಷ್ಟೋ ವರ್ಷಗಳ ಮೇಲೆ. ಪ್ರತಿ ಹಂತದಲ್ಲೂ ಹಾಡು ದೂರ ಹೋಯಿತು, ಹಕ್ಕು ಮಾತ್ರ ಹಾಡನ್ನು ಹಿಡಿದಿಟ್ಟವರ ಬಳಿ ನಿಂತಿತು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ಕಾಗದದ ಮೇಲೆ ಏನನ್ನೂ ಹೇಳದೆ ಬಿಟ್ಟರೆ ಕಾನೂನು ತಾನಾಗಿ ಆ ಕಡೆ ವಾಲುತ್ತದೆ.

ಆ ವಾಲುವಿಕೆ ಈಗಲೂ ಇದೆ, ಮೊಬೈಲ್ ಹಿಡಿದ ಕೈಗೂ ಅದು ಅನ್ವಯಿಸುತ್ತದೆ. 1957ರ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವರೇ ಆ ಮುದ್ರಣದ ನಿರ್ಮಾಪಕರು, ಕೃತಿಸ್ವಾಮ್ಯ ಅವರದ್ದು. ಹಾಡಿದವರಿಗೆ ಇರುವುದು ಪ್ರತ್ಯೇಕವಾದ ಪ್ರದರ್ಶಕರ ಹಕ್ಕು, ಅವಧಿ 50 ವರ್ಷ. 2012ರ ತಿದ್ದುಪಡಿ ಇದಕ್ಕೆ ಇನ್ನೊಂದನ್ನು ಕೂಡಿಸಿತು: ಹಾಡಿದವರು ತಾವೇ ಹಾಡಿದ್ದು ಎಂದು ಹೆಸರು ಕೇಳಬಹುದು, ಹಾಡನ್ನು ತಮ್ಮ ಮಾನಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯಬಹುದು. ಸಾಹಿತ್ಯ ಬರೆದವರ ಹಕ್ಕು ಬೇರೆ, ಅದು ಅವರ ಜೀವಿತಾವಧಿಯ ನಂತರವೂ 60 ವರ್ಷ ನಡೆಯುತ್ತದೆ. ನರಹರಿ ಶಾಸ್ತ್ರಿಗಳು ತೀರಿಕೊಂಡದ್ದು 1961ರಲ್ಲಿ, ಹಾಗಾಗಿ ಅವರ ರಂಗಗೀತೆಗಳು 2022ರ ಮೊದಲ ದಿನದಿಂದ ಎಲ್ಲರ ಸೊತ್ತು. ಗುಬ್ಬಿ ಕಂಪನಿಗೆ ನಾಟಕ ಬರೆದ ಬಿ. ಪುಟ್ಟಸ್ವಾಮಯ್ಯನವರು ತೀರಿಕೊಂಡದ್ದು 1984ರಲ್ಲಿ, ಅವರ ಪದ್ಯಗಳಿಗೆ 2044ರ ಕೊನೆಯವರೆಗೆ ವಾರಸುದಾರರ ಒಪ್ಪಿಗೆ ಬೇಕು. ಧ್ವನಿಮುದ್ರಣದ ಸ್ವಾಮ್ಯ ಬಿಡುಗಡೆಯಾದ ವರ್ಷದಿಂದಾಚೆ 60 ವರ್ಷ, ಆದ್ದರಿಂದ 1960ರಲ್ಲಿ ಬಿಡುಗಡೆಯಾದ ತಟ್ಟೆಯ ಮುದ್ರಣಸ್ವಾಮ್ಯ 2020ಕ್ಕೇ ಮುಗಿದಿದೆ. ಒಂದೇ ಕಂಪನಿಯ ಒಂದೇ ಸಂಜೆಯ ಎರಡು ಹಾಡುಗಳಲ್ಲಿ ಒಂದು ಮುಕ್ತ, ಇನ್ನೊಂದು ಅಲ್ಲ. ಈ ವ್ಯತ್ಯಾಸ ಕೇಳಿದರೆ ತಿಳಿಯುವುದಿಲ್ಲ, ದಾಖಲೆಯಲ್ಲಿ ಮಾತ್ರ ತಿಳಿಯುತ್ತದೆ.

ಹೊರಗಿನ ಲೋಕದಲ್ಲಿ ಈ ದಾಖಲೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಎಂಟು ವರ್ಷವೇ ಹಿಡಿಯಿತು. ರಾಮ್ ಸಮುದ್ರಾಲ ಎಂಬುವರು 1994ರಲ್ಲಿ ಸಂಗೀತವನ್ನು ನಕಲು ಮಾಡುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂದು ಒಂದು ಪ್ರತಿಪಾದನೆಯನ್ನು ಮುಂದಿಟ್ಟರು. ಅದು ತತ್ತ್ವವಾಗಿತ್ತು, ಸಹಿ ಹಾಕುವ ಪತ್ರವಾಗಿರಲಿಲ್ಲ. 2002ರ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ತನ್ನ ಮೊದಲ ಪರವಾನಗಿಗಳನ್ನು ಹೊರತಂದಾಗ ಆ ಪತ್ರವೂ ಸಿಕ್ಕಿತು: ಹಕ್ಕು ನನ್ನದೇ, ಈ ಷರತ್ತುಗಳ ಮೇಲೆ ನೀವು ಕೇಳದೆಯೇ ಬಳಸಬಹುದು. ಭಾರತದಲ್ಲಿ ಅದರ ಘಟಕ 2007ರಲ್ಲಿ ಮುಂಬೈ ಐಐಟಿಯಲ್ಲಿ ಶುರುವಾಯಿತು. 2004ರಲ್ಲಿ ಸಿಸಿಮಿಕ್ಸ್ಟರ್, 2005ರಲ್ಲಿ ಜಮೆಂಡೊ ಮತ್ತು ಫ್ರೀಸೌಂಡ್, 2009ರಲ್ಲಿ ಫ್ರೀ ಮ್ಯೂಸಿಕ್ ಆರ್ಕೈವ್ ಎಂಬ ತಾಣಗಳು ಈ ಪರವಾನಗಿಗಳ ಮೇಲೆಯೇ ನಿಂತವು. ಅಂತರ್ಜಾಲದ ಸಂಗೀತ ತಾಣಗಳ ಏಳಿಗೆಗಿಂತ ಅಳಿವಿನ ಕಥೆಗಳಲ್ಲಿ ನಮಗೆ ಕಲಿಯುವುದು ಹೆಚ್ಚಿದೆ. ಎಂಪಿ3.ಕಾಮ್ 2003ರಲ್ಲಿ ಕೈಬದಲಾದಾಗ ಹತ್ತು ಲಕ್ಷಕ್ಕೂ ಹೆಚ್ಚು ಹಾಡುಗಳ ಸಂಗ್ರಹ ಮುಚ್ಚಿಹೋಯಿತು. ಮೈಸ್ಪೇಸ್ 2015ರವರೆಗೆ ಜನ ಏರಿಸಿದ್ದ ಹಾಡುಗಳನ್ನು ಕಳೆದುಕೊಂಡ ಸಂಗತಿ 2019ರಲ್ಲಿ ಹೊರಬಿತ್ತು. ಫ್ರೀ ಮ್ಯೂಸಿಕ್ ಆರ್ಕೈವ್‌ಗೂ 2018ರಲ್ಲಿ ಮುಚ್ಚುವ ಸ್ಥಿತಿ ಬಂದಿತ್ತು. ಆದರೆ ಅಲ್ಲಿನ ಹಾಡುಗಳ ಪರವಾನಗಿಯೇ ನಕಲಿಗೆ ಅವಕಾಶ ಕೊಟ್ಟಿದ್ದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿಗಳು ಉಳಿದವು, ಮುಂದೆ ಇನ್ನೊಂದು ಸಂಸ್ಥೆ ಅದನ್ನು ನಡೆಸಲು ಮುಂದೆ ಬಂತು. ಅನುಮತಿ ಹಾಡಿನ ಜೊತೆಯಲ್ಲೇ ಇದ್ದರೆ ಮನೆ ಬಿದ್ದರೂ ಹಾಡು ಉಳಿಯುತ್ತದೆ.

ಕರ್ನಾಟಕ ಸಂಗೀತದ ರಸಿಕರು ಇದಕ್ಕಿಂತ ಬೇರೆ ದಾರಿ ಹಿಡಿದರು. ಸಂಗೀತಪ್ರಿಯ ಎಂಬ ಬಳಗ ಮಾರುಕಟ್ಟೆಗೆ ಬಂದಿರದ ಕಛೇರಿ, ಬಾನುಲಿ ಮುದ್ರಣಗಳನ್ನು ಸ್ವಯಂಸೇವಕರ ದುಡಿಮೆಯಿಂದ ಕೂಡಿಸಿ ಹಂಚುತ್ತಾ ಬಂದಿದೆ. ಮಾರಾಟದ ಮುದ್ರಣ ಸೇರಿಸಬಾರದು, ಹಂಚಿದ್ದನ್ನು ಮಾರಬಾರದು ಎಂಬುದು ಅಲ್ಲಿನ ಕಟ್ಟುಪಾಡು. ಅದರಿಂದ ಕಲಿತವರು ಅಸಂಖ್ಯ, ಆ ಶ್ರಮವನ್ನು ಗೌರವಿಸದೆ ಈ ವಿಷಯ ಬರೆಯಲಾಗದು. ಆದರೂ ಲಾಭಕ್ಕಲ್ಲದ ಹಂಚಿಕೆ ಒಂದು, ಮುಕ್ತ ಪರವಾನಗಿ ಮತ್ತೊಂದು. ಮೊದಲನೆಯದು ಹಂಚುವವರ ಸಜ್ಜನಿಕೆಯ ಮೇಲೆ ನಿಂತಿದೆ, ಎರಡನೆಯದು ಹಾಡಿದವರ ಒಪ್ಪಿಗೆಯ ಮೇಲೆ. ನಾಳೆ ಯಾರಾದರೂ ಬಂದು ಇದು ನಮ್ಮದು ಎಂದರೆ ಮೊದಲನೆಯದಕ್ಕೆ ತೋರಿಸಲು ಕಾಗದವಿರುವುದಿಲ್ಲ.

ಜನಪದ ಹಾಡು ಎಲ್ಲರದ್ದೂ ಆಗಿರುವಾಗ ಪರವಾನಗಿಯ ಮಾತೇಕೆ ಎಂಬ ಆಕ್ಷೇಪ ಇಲ್ಲಿ ಸಹಜ. ಹಾಡು ಎಲ್ಲರದ್ದು ಎಂಬುದು ನಿಜ. ಮುದ್ರಣ ಎಲ್ಲರದ್ದಲ್ಲ. ಕುಣಿಗಲ್ ಕೆರೆಯ ಹಾಡನ್ನು ಯಾರು ಬೇಕಾದರೂ ಹಾಡಬಹುದು, ಆದರೆ ಒಂದು ಕಂಪನಿ ಬಿಡುಗಡೆ ಮಾಡಿದ ಅದರ ಮುದ್ರಣ ಆ ಕಂಪನಿಯದ್ದು. ಯೂಟ್ಯೂಬಿನಂಥ ಕಡೆ ಹಕ್ಕಿನ ತಗಾದೆಯನ್ನು ಯಂತ್ರವೇ ಹೂಡುತ್ತದೆ. ಅದಕ್ಕೆ ಗೊತ್ತಿರುವುದು ನೋಂದಾಯಿತ ಮುದ್ರಣಗಳು ಮಾತ್ರ, ಪರಂಪರೆ ಎಂಬುದು ಗೊತ್ತಿಲ್ಲ. ಮಗಳ ಮದುವೆಯ ಸೋಬಾನೆ ಪದವನ್ನು ತಾಯಿಯೇ ಹಾಡಿ ಏರಿಸಿದ್ದರೂ ತಗಾದೆ ಬರಬಹುದು. ಮುಕ್ತ ಪರವಾನಗಿಯಲ್ಲಿ ಹೆಸರು, ಊರು, ದಿನಾಂಕ ಸಹಿತ ಮೊದಲೇ ದಾಖಲಾದ ಮುದ್ರಣವೊಂದು ಇದ್ದರೆ ಹಾಡು ಪರಂಪರೆಯದ್ದೆಂದು ತೋರಿಸಲು ಅದೇ ಸಾಕ್ಷಿ. ಎಲ್ಲರದ್ದನ್ನು ಎಲ್ಲರದ್ದಾಗಿಯೇ ಉಳಿಸಲು ಬರಹ ಬೇಕು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು, ಮುಕ್ತ ಜ್ಞಾನದ ಕೆಲಸಗಾರರಿಂದಲೇ ಬರುವಂಥದು. ವಾಣಿಜ್ಯ ಬಳಕೆ ಸಲ್ಲದು ಎಂಬ ಷರತ್ತು ಹಾಕಿದರೆ ಅದು ಮುಕ್ತವೇ ಅಲ್ಲ ಎನ್ನುತ್ತಾರೆ ಅವರು. ವಿಕಿಮೀಡಿಯ ಕಾಮನ್ಸ್ ಅಂಥ ಕಡತವನ್ನು ಸೇರಿಸಿಕೊಳ್ಳುವುದಿಲ್ಲ, ಹಾಗಾಗಿ 2003ರಿಂದ ಬೆಳೆದುಬಂದಿರುವ ಕನ್ನಡ ವಿಕಿಪೀಡಿಯದ ಗಣೆಯ ಲೇಖನಕ್ಕೆ ಗಣೆಯ ಆ ನಾದ ಸೇರದು. ಜಾಹೀರಾತು ಬರುವ ಚಾನೆಲ್ಲು ವಾಣಿಜ್ಯವೇ, ಟಿಕೆಟ್ಟಿಟ್ಟ ನಾಟಕ ವಾಣಿಜ್ಯವೇ ಎಂಬ ಗೊಂದಲಗಳೂ ಇವೆ. ಈ ಮಾತಿನಲ್ಲಿ ಸತ್ಯವಿದೆ. ಅವಧಿ ಮುಗಿದ ತಟ್ಟೆಗಳಿಗೆ, ನರಹರಿ ಶಾಸ್ತ್ರಿಗಳ ಸಾಹಿತ್ಯಕ್ಕೆ ಹೊಸ ಷರತ್ತು ಹೇರುವುದು ತಪ್ಪು, ಮುಕ್ತವಾದದ್ದಕ್ಕೆ ಮತ್ತೆ ಬೀಗ ಹಾಕಿದಂತೆ. ಬದುಕಿರುವ ಹಾಡುಗಾರರ ವಿಷಯ ಬೇರೆ. ತನ್ನ ದನಿ ಬೇರೆಯವರ ಕ್ಯಾಸೆಟ್ಟಿನಲ್ಲಿ ಮಾರಿಹೋದದ್ದನ್ನು ಕಂಡ ಪೀಳಿಗೆಗೆ ವಾಣಿಜ್ಯಕ್ಕೂ ಬಿಟ್ಟುಕೊಡಿ ಎಂದು ಮೊದಲ ಭೇಟಿಯಲ್ಲೇ ಕೇಳುವುದು ನ್ಯಾಯವಲ್ಲ, ಏಕೆಂದರೆ ಈ ಪರವಾನಗಿಗಳನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು. ಷರತ್ತನ್ನು ಮುಂದೆ ಸಡಿಲಿಸಬಹುದು, ಬಿಗಿಗೊಳಿಸಲಾಗದು. ಆದ್ದರಿಂದ ಆಯ್ಕೆ ಹಾಡುಗಾರರದ್ದಾಗಬೇಕು, ಎರಡರ ಪರಿಣಾಮವನ್ನೂ ಅವರ ಮಾತಿನಲ್ಲೇ ತಿಳಿಸುವುದು ಬಳಗದ ಕರ್ತವ್ಯ. ಪರವಾನಗಿ ಕೊಟ್ಟರೆ ಬಡ ಕಲಾವಿದರ ಸಂಪಾದನೆ ಹೋಗುತ್ತದೆ ಎಂಬ ಕಳವಳಕ್ಕೂ ಇದರಲ್ಲೇ ಉತ್ತರವಿದೆ. ವಾಣಿಜ್ಯವನ್ನು ತಡೆದಿಟ್ಟ ಹಾಡನ್ನು ಸಿನಿಮಾದವರು ಬಳಸಬೇಕಾದರೆ ಹಾಡಿದವರ ಮನೆ ಬಾಗಿಲಿಗೆ ಬರಬೇಕು. ಹೆಸರು, ವಿಳಾಸ ಯಾವುದೂ ಇಲ್ಲದ ಇಂದಿನ ಸ್ಥಿತಿಯಲ್ಲಿ ಅವರನ್ನು ಹುಡುಕಿ ಬರುವವರೇ ಇಲ್ಲ.

ಇಂಥ ಬಳಗ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ತುಮಕೂರು ಜಿಲ್ಲೆಯಲ್ಲಿ ದೂರ ನೋಡಬೇಕಿಲ್ಲ. ಇಲ್ಲಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಈಗಲೂ ಆಡುತ್ತಾರೆ. ಗುಬ್ಬಿ ವೀರಣ್ಣನವರು 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದ ನಾಟಕದ ನೆನಪು ಅದರ ಹಿಂದಿದೆ. ಪಾತ್ರಧಾರಿಗಳು ತಾವೇ ಹಣ ಹಾಕಿ ಪಾತ್ರ ವಹಿಸುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ರಾತ್ರಿಯಿಡೀ ಕಂದ, ವೃತ್ತ, ಹಾಡು ನಡೆಯುತ್ತವೆ. ಲಾಭದ ಸೋಂಕಿಲ್ಲದ ಸಂಗೀತ ಸಮುದಾಯ ಎಂದರೆ ಇದೇ, ಅಂತರ್ಜಾಲ ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ಈ ಪ್ರದರ್ಶನಗಳ ಮುದ್ರಣಗಳು ಮೆಮೊರಿ ಕಾರ್ಡಿನಿಂದ ಕಾರ್ಡಿಗೆ, ವಾಟ್ಸ್ಆ್ಯಪ್‌ನಿಂದ ವಾಟ್ಸ್ಆ್ಯಪ್‌ಗೆ ಹೋಗುವಾಗ ದಾರಿಯಲ್ಲೇ ಹೆಸರು ಕಳೆದುಕೊಳ್ಳುತ್ತವೆ. ಅಲ್ಲಿ ಕೂಡಿಸಬೇಕಾದ್ದು ಒಂದು ಪುಟ: ಹಾಡಿದವರು, ಹಾರ್ಮೋನಿಯಂ ಮತ್ತು ತಬಲ ನುಡಿಸಿದವರು, ಮುದ್ರಿಸಿದವರು, ಊರು, ದಿನ, ಸಾಹಿತ್ಯ ಯಾರದು, ಮಟ್ಟು ಎಲ್ಲಿಯದು, ಪರವಾನಗಿ ಯಾವುದು. ಬರಹದಲ್ಲಿರುವ ಪರವಾನಗಿಯನ್ನೇ ಕಾಯ್ದೆ ಕೇಳುವುದರಿಂದ ಮುದ್ರಿಸಿದವರು, ಹಾಡಿದವರು ಇಬ್ಬರ ಸಹಿಯೂ ಬೇಕು. ಓದುಬರಹ ಬಾರದವರಿಗೆ ಪತ್ರವನ್ನು ಓದಿ ಹೇಳಿ, ಅವರು ಒಪ್ಪಿದ ಮಾತನ್ನು ಹಾಡಿನ ಮುದ್ರಣಕ್ಕೆ ಮೊದಲೇ ದನಿಯಲ್ಲಿ ಹಿಡಿದಿಟ್ಟು, ಆ ಮೇಲೆ ಹೆಬ್ಬೆಟ್ಟು ಪಡೆಯಬಹುದು. ಸಿನಿಮಾ ಹಾಡು, ಪುಟ್ಟಸ್ವಾಮಯ್ಯನವರಂಥವರ ಪದ್ಯ ಬಂದರೆ ನಯವಾಗಿ ಬದಿಗಿಡಬೇಕು. ಈ ನಿರಾಕರಣೆಯ ಕೆಲಸವೇ ಬಳಗ ನಡೆಸುವವರಿಗೆ ಅತಿ ಕಷ್ಟದ್ದು, ಅದರಲ್ಲಿ ಸೋತರೆ ಉಳಿದ ಹಾಡುಗಳ ಮುಕ್ತತೆಯ ಮೇಲೂ ಅನುಮಾನ ಬೀಳುತ್ತದೆ.

ಎಲ್ಲವನ್ನೂ ತೆರೆದಿಡಬೇಕು ಎಂಬ ಹಟವೂ ಬೇಡ. ಜುಂಜಪ್ಪನ ಆರಾಧನೆಗೆ ಸೇರಿದ ಹಾಡಿಕೆಗೆ ಅದರದೇ ಹೊತ್ತು, ಅದರದೇ ಜಾಗವಿದೆ. ಗೊಲ್ಲರಹಟ್ಟಿಯವರು ಇದು ಹೊರಗೆ ಹೋಗಬಾರದು ಎಂದರೆ ಹೋಗಬಾರದು. ಭಾರತದ ಕಾಯ್ದೆ ಜನಪದವನ್ನು ಸಮುದಾಯದ ಸೊತ್ತೆಂದು ಎಲ್ಲಿಯೂ ಹೆಸರಿಸಿ ಕಾಪಾಡಿಲ್ಲ, ಆ ಕಾರಣಕ್ಕೇ ಬಳಗದ ನಿಯಮದಲ್ಲಿ ಈ ತಡೆಗೆ ಜಾಗ ಇರಬೇಕು. ಒಬ್ಬ ಹಾಡುಗಾರರ ಸಹಿ ಇಡೀ ಹಟ್ಟಿಯ ಒಪ್ಪಿಗೆಯಾಗದ ಸಂದರ್ಭಗಳಿರುತ್ತವೆ. ಅಂಥಲ್ಲಿ ಮುದ್ರಣವನ್ನು ಸಮುದಾಯದ ಕೈಗೇ ಒಪ್ಪಿಸಿ, ಪಟ್ಟಿಯಲ್ಲಿ ಹಾಡಿನ ಹೆಸರನ್ನಷ್ಟೇ ಇಡಬಹುದು. ತೆರೆದಿಟ್ಟ ಹಾಡುಗಳ ಪ್ರತಿಗಳು ಮಾತ್ರ ಒಂದೇ ಕಡೆ ಇರಬಾರದು: ಒಂದು ಇಂಟರ್ನೆಟ್ ಆರ್ಕೈವ್‌ನಲ್ಲಿ, ಇನ್ನೊಂದು ತುಮಕೂರು ವಿಶ್ವವಿದ್ಯಾನಿಲಯದಂಥ ಸ್ಥಳೀಯ ಸಂಸ್ಥೆಯಲ್ಲಿ, ಮತ್ತೊಂದು ಹಾಡಿದವರ ಮನೆಯಲ್ಲಿ, ಪ್ರತಿಯೊಂದರ ಜೊತೆಗೂ ಅವರು ಸಹಿ ಹಾಕಿದ ಆ ಪುಟ ಸೇರಿ.