ಕೇಡಗಾಂವ್‌ನ ಮುಕ್ತಿ ಸದನ: ಪಂಗಡ ಮೀರಿದ ಕ್ರೈಸ್ತ ಸಹಕಾರದ ಒಂದು ಅಧ್ಯಯನ

ಕ್ರೈಸ್ತ ಮಿಷನ್ನುಗಳು ಪಂಗಡಭೇದ ಬದಿಗಿಟ್ಟು ಕೈಜೋಡಿಸಿದ ಚರಿತ್ರೆಯನ್ನು 1910ರ ಎಡಿನ್‌ಬರೋ ಸಮ್ಮೇಳನದಿಂದ ಆರಂಭಿಸುವುದು ವಾಡಿಕೆ. ಸುಮಾರು 1,200 ಪ್ರತಿನಿಧಿಗಳ ಆ ಸಭೆಯಲ್ಲಿ ಏಷ್ಯಾದವರು 20 ಮಂದಿಯೂ ಇರಲಿಲ್ಲ. ಅದಕ್ಕೂ ಮೊದಲೇ, ಪುಣೆ–ದೌಂಡ್ ರೈಲುಹಾದಿಯ ಕೇಡಗಾಂವ್‌ನಲ್ಲಿ ಬೇರೆಬೇರೆ ದೇಶ, ಬೇರೆಬೇರೆ ಸಭೆಗಳ ಕ್ರೈಸ್ತರು ಒಬ್ಬ ಭಾರತೀಯ ಹೆಂಗಸಿನ ಕೈಕೆಳಗೆ ದುಡಿಯುತ್ತಿದ್ದರು. ಆ ಸಹಕಾರಕ್ಕೆ ಒಪ್ಪಂದಪತ್ರವೇನೂ ಇರಲಿಲ್ಲ. ಅದು ಬರಗಾಲದ ಕೆಲಸದಿಂದ ಹುಟ್ಟಿತು; ಹೊರಗಿನ ಹಣ ಬಂದರೂ ಯಜಮಾನಿಕೆ ಹೊರಗೆ ಹೋಗದಿದ್ದುದರಿಂದ ಉಳಿಯಿತು ಎಂಬುದು ಈ ಲೇಖನದ ವಾದ.

ಆ ಹೆಂಗಸು ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ವಿರೋಧ ಕಟ್ಟಿಕೊಂಡವರು. ತಂದೆ ತಾಯಿ ಇಬ್ಬರೂ 1870ರ ದಶಕದ ಬರಗಾಲದಲ್ಲಿ ತೀರಿಕೊಂಡರು. ಮುಂದಿನದಕ್ಕೆಲ್ಲ ಈ ಹಸಿವಿನ ನೆನಪೇ ತಳಹದಿ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿದ್ದು ದೀಕ್ಷಾಸ್ನಾನ ಪಡೆದರು. ತಿಕ್ಕಾಟವೂ ಅಲ್ಲಿಂದಲೇ ಶುರು. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ರಮಾಬಾಯಿ ಗಂಡಸರಿಗೆ ಪಾಠ ಹೇಳುವ ಮಾತು ಬಂತು. ಅದು ತಕ್ಕುದಲ್ಲ, ಭಾರತಕ್ಕೆ ಮರಳಿದಾಗ ಆಕೆಯ ಹೆಸರಿಗೆ ಕುಂದು ಎಂದು ಬಿಷಪ್ಪರು ತಡೆದರು. ತನ್ನ ದೇಶದಲ್ಲಿ ಗಂಡಸರ ಸಭೆಗಳಲ್ಲೇ ಉಪನ್ಯಾಸ ಮಾಡಿ ಬಂದಿದ್ದ ವಿದುಷಿಗೆ ಈ ಕಾಳಜಿ ಹಿಡಿಸಲಿಲ್ಲ. ತ್ರಿತ್ವದ ಸಿದ್ಧಾಂತವನ್ನೂ ಪ್ರಶ್ನಿಸಿದರು. ವಾಂಟೇಜ್ ಮಠದ ಸಿಸ್ಟರ್ ಜೆರಲ್ಡಿನ್ ಜತೆಗಿನ ಪತ್ರವ್ಯವಹಾರ ಓದಿದರೆ, ಆಕೆ ಒಪ್ಪಿಕೊಂಡದ್ದು ಕ್ರಿಸ್ತನನ್ನು, ಯಾವುದೊಂದು ಸಭೆಯ ಅಧಿಕಾರವನ್ನಲ್ಲ ಎಂಬುದು ಸ್ಪಷ್ಟವಾಗುತ್ತದೆ.

1887ರಲ್ಲಿ ಬಾಸ್ಟನ್‌ನಲ್ಲಿ ಸ್ಥಾಪನೆಯಾದ ಅಮೆರಿಕನ್ ರಮಾಬಾಯಿ ಅಸೋಸಿಯೇಷನ್, ಆಕೆ ಭಾರತದಲ್ಲಿ ತೆರೆಯಲಿದ್ದ ಹುಡುಗಿಯರ ಶಾಲೆಗೆ ಹತ್ತು ವರ್ಷಗಳ ನೆರವಿನ ಭಾಷೆ ಕೊಟ್ಟಿತು. ಶಾಲೆಯಲ್ಲಿ ಮತಬೋಧನೆ ಇರಬಾರದೆಂಬುದು ಷರತ್ತು. 1889ರಲ್ಲಿ ಮುಂಬಯಿಯಲ್ಲಿ ತೆರೆದ ಆ ಶಾಲೆ, ಶಾರದಾ ಸದನ, ಮರುವರ್ಷ ಪುಣೆಗೆ ಬಂತು. ಆಕೆಯ ಸ್ವಂತ ಪ್ರಾರ್ಥನೆಗೆ ಕೆಲವು ಹುಡುಗಿಯರು ಬಂದು ಕೂರತೊಡಗಿದಾಗ ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಬೆಂಬಲಿಗರೇ ಸಲಹಾ ಸಮಿತಿಯಿಂದ ಹೊರಬಂದರು. ರಮಾಬಾಯಿ ಯಾರನ್ನೂ ಬಲವಂತ ಮಾಡಿರಲಿಲ್ಲ, ನಿಜ. ಆದರೆ ಮತದ ಗೊಡವೆ ಇಲ್ಲವೆಂಬ ಭರವಸೆಯ ಮೇಲೆ ಮಕ್ಕಳನ್ನು ಕಳಿಸಿದ ಪಾಲಕರ ಅಸಮಾಧಾನವನ್ನು ಬರೀ ಸನಾತನಿಗಳ ಗದ್ದಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಈ ಇಬ್ಬಂದಿ ಮುಗಿದದ್ದು ಕೇಡಗಾಂವ್‌ನಲ್ಲಿ.

1896–97ರ ಬರಗಾಲದಲ್ಲಿ ಆಕೆ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪ್ಲೇಗಿನ ನಿರ್ಬಂಧಗಳಿಂದ ಪುಣೆಯಲ್ಲಿ ಅವರಿಗೆ ಜಾಗವಿಲ್ಲ. ಕೇಡಗಾಂವ್‌ನ ಹೊಲದಲ್ಲಿ ಚಪ್ಪರಗಳೆದ್ದವು; ಅದೇ ಮುಕ್ತಿ ಸದನದ ಆರಂಭ. 1898ರಲ್ಲಿ ಬಾಸ್ಟನ್ನಿನ ವಾಯಿದೆ ಮುಗಿದ ಮೇಲೆ ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಯಿತು, ಆದರೆ ಯಾವ ಪಂಗಡಕ್ಕೂ ಸೇರಲಿಲ್ಲ. ಅದೇ ವರ್ಷ ಅಮೆರಿಕದ ಮೆಥಡಿಸ್ಟ್ ಸೇವಕಿ ಮಿನ್ನಿ ಅಬ್ರಾಮ್ಸ್ ಬಂದು ಸೇರಿದರು. 1900ರ ಗುಜರಾತಿನ ಬರಗಾಲದ ನಂತರ ಅಲ್ಲಿದ್ದವರ ಸಂಖ್ಯೆ 2,000ದ ಸಮೀಪಕ್ಕೆ ಹೋಯಿತು. ನೇಯ್ಗೆ, ಎಣ್ಣೆ ಗಾಣ, ಹೈನು, ಅಚ್ಚುಕೂಟ ಎಲ್ಲ ಹೆಂಗಸರದೇ ಕೈ. ಮಗಳು ಮನೋರಮಾಬಾಯಿ ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸಿದರು. ಹೀಬ್ರೂ, ಗ್ರೀಕ್ ಮೂಲಗಳಿಂದ ರಮಾಬಾಯಿ ಮಾಡಿದ ಮರಾಠಿ ಬೈಬಲ್ಲಿಗೆ ಮೊಳೆ ಜೋಡಿಸಿದವರು ಮುಕ್ತಿಯ ಹುಡುಗಿಯರೇ. ಒಂದು ಕಾಲಕ್ಕೆ ಅನ್ನಕ್ಕಾಗಿ ಅಲೆದವರು ಧರ್ಮಗ್ರಂಥವನ್ನು ಅಚ್ಚಿಗೆ ತಂದದ್ದು ಯಾವ ಸಮ್ಮೇಳನದ ನಿರ್ಣಯಕ್ಕಿಂತಲೂ ದೊಡ್ಡದೆಂದು ನನ್ನ ಎಣಿಕೆ.

1905ರ ಜೂನ್ ಕೊನೆಯಲ್ಲಿ ಮುಕ್ತಿಯ ಪ್ರಾರ್ಥನಾಕೂಟಗಳಲ್ಲಿ ಪುನರುಜ್ಜೀವನವೆದ್ದಿತು. ಹುಡುಗಿಯರು ತಂಡತಂಡವಾಗಿ ಸುತ್ತಲ ಹಳ್ಳಿಗಳಿಗೆ ಸುವಾರ್ತೆ ಹೇಳಲು ಹೊರಟರು. ಅಬ್ರಾಮ್ಸ್ ಇದನ್ನು ಕುರಿತು 1906ರಲ್ಲಿ ಪುಸ್ತಕ ಬರೆದು, ಚಿಲಿಯ ವಾಲ್ಪರೈಸೊದಲ್ಲಿದ್ದ ಗೆಳತಿ, ಮಿಷನರಿ ವಿಲ್ಲಿಸ್ ಹೂವರ್ ಅವರ ಹೆಂಡತಿಗೆ ಕಳಿಸಿದರು. 1909ರಲ್ಲಿ ಅಲ್ಲಿಯೂ ಅಂಥದೇ ಚಳವಳಿ ಎದ್ದಿತು. ಇಂದಿನ ಚಿಲಿಯ ಪೆಂಟೆಕಾಸ್ಟಲ್ ಸಭೆಗಳ ಮೂಲ ಅದು. ಪಶ್ಚಿಮದಿಂದ ಪೂರ್ವಕ್ಕೆ ಮಾತ್ರ ಹರಿಯುವುದು ಮಿಷನ್ ಎಂದುಕೊಂಡವರು ಇದಕ್ಕೆ ಉತ್ತರ ಹೇಳಬೇಕು. ತಮಾಷೆಯೆಂದರೆ, ಪಂಗಡ ಬೇಡವೆಂದ ಮನೆಯಿಂದ ಹೊರಟ ಪುಸ್ತಕ ಅಲ್ಲಿ ಮೆಥಡಿಸ್ಟರನ್ನು ಒಡೆದು ಹೊಸ ಪಂಗಡವನ್ನೇ ಹುಟ್ಟುಹಾಕಿತು.

ರಮಾಬಾಯಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಮಗಳು ಹಿಂದಿನ ವರ್ಷವೇ ಹೋಗಿದ್ದರು. ಕನ್ನಡದಲ್ಲಿ ಮಿಷನ್ ಚರಿತ್ರೆ ಎಂದರೆ ಬಾಸೆಲ್ ಮಿಷನ್, ಕಿಟೆಲ್ ಎಂಬಲ್ಲಿಗೆ ನಮ್ಮ ಗಮನ ನಿಂತುಬಿಡುತ್ತದೆ. ಆದರೆ 1912ರಲ್ಲಿ ತಾಯಿ ಮಗಳು ಸೇರಿ ಆಗಿನ ನಿಜಾಮ್ ಸಂಸ್ಥಾನದ ಗುಲ್ಬರ್ಗದಲ್ಲಿ ಕ್ರೈಸ್ತ ಹೈಸ್ಕೂಲೊಂದನ್ನು ತೆರೆದಿದ್ದರು. ಮುಕ್ತಿಯ ಕೆಲಸ ಕನ್ನಡ ನೆಲಕ್ಕೆ ಚಾಚಿದ ಈ ಎಳೆಯನ್ನು ಕಲಬುರಗಿಯ ಸಂಶೋಧನಾ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು.