ಕೂದಲೆಳೆಯ ಸಾಕ್ಷ್ಯ

1847ನೆಯ ಇಸವಿಯ ಆಗಸ್ಟ್ 18ರ ಬೆಳಗಿನ ಜಾವದಲ್ಲಿ ಪ್ಯಾರಿಸ್ ನಗರದ ಒಂದು ಶ್ರೀಮಂತ ಭವನದಿಂದ ಹೆಂಗಸಿನ ಚೀತ್ಕಾರ ಕೇಳಿಬಂದಿತು. ಆಳುಗಳು ಒಳಹೊಕ್ಕು ನೋಡುವಷ್ಟರಲ್ಲಿ ಪ್ರಾಸ್ಲಿನ್ ಡ್ಯೂಕನ ಪತ್ನಿ, ಮಾರ್ಷಲ್ ಸೆಬಾಸ್ತಿಯಾನಿಯ ಮಗಳು, ರಕ್ತದ ಮಡುವಿನಲ್ಲಿ ಬಿದ್ದಿದ್ದಳು. ಕೋಣೆಯಲ್ಲಿ ಸಿಕ್ಕ ಪಿಸ್ತೂಲು ಡ್ಯೂಕನದೇ; ಅದನ್ನು ಅವನು ಅಲ್ಲಗಳೆಯಲೂ ಇಲ್ಲ. ಕೂಗು ಕೇಳಿ ಪಿಸ್ತೂಲು ಹಿಡಿದು ಓಡಿಬಂದೆನೆಂದೂ, ಹೆಂಡತಿಯ ಸ್ಥಿತಿಯನ್ನು ಕಂಡು ಅದನ್ನು ಕೈಬಿಟ್ಟು ಅವಳನ್ನು ಎತ್ತಲು ಬಾಗಿದೆನೆಂದೂ, ಬಿದ್ದ ಪಿಸ್ತೂಲು ರಕ್ತದಲ್ಲಿ ತೊಯ್ದಿತೆಂದೂ ಅವನು ಕೊಟ್ಟ ಸಮಜಾಯಿಷಿ.

ಮೇಲುನೋಟಕ್ಕೆ ಇದು ಅಸಂಭಾವ್ಯವಾದ ಮಾತೇನಲ್ಲ. ಆದರೆ ತಾರ್ಡಿಯು ಎಂಬ ವೈದ್ಯನು ಆ ಪಿಸ್ತೂಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದಾಗ ಅದರ ಹಿಡಿಯ ಬಳಿ ಕೂದಲು ಕಂಡುಬಂದಿತು. ಅದರೊಡನೆ ಕೂದಲಿನ ಬುಡ, ಚರ್ಮದ ಚೂರುಗಳೂ ಅಂಟಿದ್ದವು. ನೆಲದ ಮೇಲಿನ ರಕ್ತದಲ್ಲಿ ಬಿದ್ದ ವಸ್ತುವಿಗೆ ರಕ್ತ ಮೆತ್ತಬಹುದು, ಉದುರಿದ ಕೂದಲೂ ಹತ್ತಬಹುದು. ಚರ್ಮದಿಂದ ಕಿತ್ತುಬಂದ ಬುಡ ಹತ್ತುವುದಿಲ್ಲ. ಆ ಪಿಸ್ತೂಲು ತಲೆಯನ್ನು ಜಜ್ಜಿದ ಆಯುಧವೆಂಬುದು ಇದರಿಂದ ತಿಳಿಯಿತು. ಡ್ಯೂಕನು ರಾಜ್ಯದ ಸರದಾರರ ಸಭೆಯ ಸದಸ್ಯನಾದುದರಿಂದ ಅವನ ವಿಚಾರಣೆ ಆ ಸಭೆಯ ಮುಂದೆಯೇ ನಡೆಯಬೇಕಾಗಿದ್ದಿತು. ಅದಕ್ಕೆ ಅವನು ಅವಕಾಶ ಕೊಡಲಿಲ್ಲ. ಪಾಷಾಣವನ್ನು ಸೇವಿಸಿ ಆಗಸ್ಟ್ 24ರಂದು ಸತ್ತನು. ದೊಡ್ಡವರಿಗೊಂದು ನ್ಯಾಯ, ಬಡವರಿಗೊಂದು ನ್ಯಾಯ ಎಂದು ಪ್ಯಾರಿಸಿನ ಜನ ಕುದಿದರು. ಮುಂದಿನ ಫೆಬ್ರವರಿಯಲ್ಲಿ ಲೂಯಿ ಫಿಲಿಪ್ ದೊರೆಯ ಸಿಂಹಾಸನ ಉರುಳಿದುದಕ್ಕೆ ಹಿನ್ನೆಲೆಯಾಗಿದ್ದ ಅಸಮಾಧಾನದಲ್ಲಿ ಈ ಕೊಲೆಯ ಪಾಲೂ ಇದ್ದಿತು.

ಈ ಪ್ರಕರಣದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ಕೂದಲು ಯಾರದೆಂಬ ಪ್ರಶ್ನೆಯೇ ಅಲ್ಲಿ ಮುಖ್ಯವಾಗಿರಲಿಲ್ಲ. ಅದು ಅಲ್ಲಿಗೆ ಹೇಗೆ ಬಂದಿತೆಂಬುದೇ ಪ್ರಶ್ನೆ. ಕೂದಲು ಉತ್ತರಿಸಬಲ್ಲ ಪ್ರಶ್ನೆಯನ್ನೇ ಅದಕ್ಕೆ ಹಾಕಲಾಯಿತು. ಮುಂದಿನ ನೂರೈವತ್ತು ವರ್ಷಗಳಲ್ಲಿ ಈ ವಿವೇಕ ಎಲ್ಲ ಕಡೆಯೂ ಉಳಿಯಲಿಲ್ಲ.

ನಮ್ಮ ಹಳೆಯ ಧರ್ಮಶಾಸ್ತ್ರಕಾರರಿಗೂ ಕೂದಲು ವ್ಯವಹಾರದ ಹೊರಗಿನ ವಸ್ತುವಾಗಿರಲಿಲ್ಲ. ಪರಸ್ತ್ರೀಯೊಡನೆ ‘ಕೇಶಾಕೇಶಿ’ಯಲ್ಲಿ ತೊಡಗಿದವನನ್ನು ಹಿಡಿಯಬೇಕೆಂಬ ವಿಧಿ ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ, ಚಾಲುಕ್ಯರ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದುದು ಈ ಸ್ಮೃತಿಗೇ. ಆದರೆ ಅಲ್ಲಿ ಸಾಕ್ಷಿ ನುಡಿಯುವುದು ಕಂಡವರ ಕಣ್ಣು, ಕೂದಲಲ್ಲ. ಉದುರಿದ ಒಂದು ಎಳೆ ತಾನೇ ಸಾಕ್ಷಿಯಾಗಬಲ್ಲುದೆಂಬ ಭಾವನೆ ಮಸೂರದ ಗಾಜು ಹುಟ್ಟಿದ ಮೇಲಿನದು.

ಆ ಗಾಜಿನ ಕೆಳಗೆ ಕೂದಲು ಮೂರು ಪದರಗಳಾಗಿ ಕಾಣುತ್ತದೆ. ಹೊರಗೆ ಮೀನಿನ ಪರೆಯಂತೆ ಒಂದರ ಮೇಲೊಂದು ಹೊದಿಸಿದ ಹೊರಪೊರೆ. ಅದರೊಳಗೆ ಬಣ್ಣದ ಕಣಗಳುಳ್ಳ ತಿರುಳು. ನಟ್ಟನಡುವೆ, ಕೆಲವರಲ್ಲಿ ತುಂಡುತುಂಡಾಗಿ, ಕೆಲವರಲ್ಲಿ ಇಲ್ಲವೇ ಇಲ್ಲವೆಂಬಂತೆ, ಒಂದು ನಾಳ. ಮನುಷ್ಯರ ಕೂದಲಿನಲ್ಲಿ ಈ ನಾಳದ ಅಗಲ ಕೂದಲಿನ ಅಗಲದ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಬಹುಪಾಲು ಪ್ರಾಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚು. ತಾನಾಗಿ ಉದುರಿದ ಕೂದಲಿನ ಬುಡ ಒಣಗಿದ ಗುಂಡುಗಡ್ಡೆಯಂತಿರುತ್ತದೆ. ಬೆಳೆಯುತ್ತಿರುವಾಗಲೇ ಕಿತ್ತ ಕೂದಲಿನ ಬುಡ ಎಳೆದು ಹಿಗ್ಗಿದಂತಿದ್ದು, ಕೆಲವೊಮ್ಮೆ ಅಂಗಾಂಶವನ್ನೂ ಹೊತ್ತು ತರುತ್ತದೆ. ಬಣ್ಣ ಹಾಕಿದ್ದರೆ, ಸುಟ್ಟಿದ್ದರೆ, ಕತ್ತರಿಸಿದ್ದರೆ ಅದೂ ಗೊತ್ತಾಗುತ್ತದೆ. 1910ರಲ್ಲಿ ಪ್ಯಾರಿಸಿನ ವಿಕ್ತೋರ್ ಬಾಲ್ತಜಾರ್ ಮತ್ತು ಮಾರ್ಸೆಲ್ ಲಾಂಬೆರ್ ಎಂಬಿಬ್ಬರು ಮನುಷ್ಯರ ಮತ್ತು ಪ್ರಾಣಿಗಳ ರೋಮವನ್ನು ಕುರಿತು ಬರೆದ ಗ್ರಂಥ ಈ ಜ್ಞಾನಕ್ಕೆ ಶಾಸ್ತ್ರದ ಚೌಕಟ್ಟು ಹಾಕಿತು. ಅದೇ ವರ್ಷ ಲಿಯೋನ್ ನಗರದ ನ್ಯಾಯಸ್ಥಾನದ ಅಟ್ಟದ ಕೋಣೆಗಳಲ್ಲಿ ಎಡ್ಮಂಡ್ ಲೊಕಾರ್ ತನ್ನ ಪುಟ್ಟ ಪ್ರಯೋಗಶಾಲೆಯನ್ನು ತೆರೆದನು. ಅಪರಾಧಿಯು ಬಂದ ಸ್ಥಳದಲ್ಲಿ ತನ್ನದೇನನ್ನೋ ಬಿಟ್ಟು, ಅಲ್ಲಿಯದೇನನ್ನೋ ಹೊತ್ತೇ ಹೋಗುವನೆಂಬ ಅವನ ವಿಚಾರ ಇಂದಿಗೂ ಈ ಶಾಸ್ತ್ರದ ಅಸ್ತಿಭಾರ.

ಬಟ್ಟೆಯ ಎಳೆಯ ಕಥೆ ಸ್ವಲ್ಪ ಬೇರೆ. ಹತ್ತಿಯ ನಾರು ತಿರುಚಿದ ಪಟ್ಟಿಯಂತೆ ಕಾಣುವುದು, ಉಣ್ಣೆಗೆ ಪರೆಗಳಿರುವುದು; ಇವು ಎಲ್ಲೆಲ್ಲಿಯೂ ಸಿಗುವಂಥವು, ಅದರಲ್ಲಿಯೂ ಬಿಳಿಯ ಹತ್ತಿಗೆ ಸಾಕ್ಷ್ಯವಾಗಿ ಬೆಲೆಯೇ ಇಲ್ಲ. ಕೃತಕ ಎಳೆಯಾದರೆ ಕಾರ್ಖಾನೆಯ ಲೆಕ್ಕದ ಪುಸ್ತಕವನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಅಮೆರಿಕದ ಅಟ್ಲಾಂಟಾದಲ್ಲಿ 1979ರಿಂದ 1981ರವರೆಗೆ ನಡೆದ ಕೊಲೆಗಳ ಸರಣಿಯಲ್ಲಿ ಹಲವು ಶವಗಳ ಮೇಲೆ ಹಳದಿ ಹಸಿರು ಬಣ್ಣದ ನೈಲಾನ್ ಎಳೆಗಳು ದೊರೆತವು. ಸೀಳುನೋಟದಲ್ಲಿ ಅವಕ್ಕೆ ಮೂರು ಹಾಲೆಗಳು, ಅವುಗಳಲ್ಲಿ ಎರಡು ಉದ್ದ, ಒಂದು ಮೋಟು. ಇಂಥ ವಿಚಿತ್ರಾಕಾರದ ಎಳೆಯನ್ನು ತಯಾರಿಸಿದ ಕಾರ್ಖಾನೆ, ಅದರಿಂದ ನೆಲಹಾಸು ನೇಯ್ದ ಕಾರ್ಖಾನೆ, ಆ ಬಣ್ಣದ ಹಾಸು ಮಾರಾಟವಾದ ಪ್ರಮಾಣ, ಎಲ್ಲವನ್ನೂ ಹುಡುಕಿ ತೆಗೆದರು. ವೇನ್ ವಿಲಿಯಮ್ಸ್ ಎಂಬವನ ಮಲಗುವ ಕೋಣೆಯಲ್ಲಿದ್ದುದು ಅಂಥದೇ ಹಾಸು. ಅಟ್ಲಾಂಟಾದ ಮನೆಗಳಲ್ಲಿ 7,792ಕ್ಕೆ ಒಂದರಲ್ಲಿ ಅದು ಇರಬಹುದೆಂದು ಅಂದಾಜು ಮಾಡಿದರು. 1982ರ ಫೆಬ್ರವರಿಯಲ್ಲಿ ಅವನಿಗೆ ಇಬ್ಬರ ಕೊಲೆಗಾಗಿ ಶಿಕ್ಷೆಯಾಯಿತು. ತಾನು ನಿರಪರಾಧಿಯೆಂದು ಅವನು ಹೇಳುತ್ತಲೇ ಬಂದನು. ಎಳೆಗಳು ಸಿಕ್ಕಿರುವ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಶವಗಳು ಉಡುಪು ಕಳಚಿದ ಸ್ಥಿತಿಯಲ್ಲಿ ನದಿಗಳಲ್ಲಿ ಸಿಗತೊಡಗಿದವು. ಕೊಲೆಗಾರನೂ ಪತ್ರಿಕೆ ಓದುತ್ತಿದ್ದನು! ಇಲ್ಲಿಯ ಅಂದಾಜಿನಲ್ಲಿ ಊಹೆಗಳಿಲ್ಲದಿಲ್ಲ. ಆದರೂ ಅವು ಎಣಿಸಬಹುದಾದ ಗಜಗಳ ಮೇಲೆ ನಿಂತ ಊಹೆಗಳು.

ಕೂದಲಿಗೆ ಅಂಥ ಲೆಕ್ಕವಿಲ್ಲ. ಒಬ್ಬನ ತಲೆಯಲ್ಲಿಯೇ ಸುಮಾರು ಲಕ್ಷ ಕೂದಲು. ಅವುಗಳಲ್ಲಿ ಒಂದರಂತೆ ಒಂದಿರುವುದಿಲ್ಲ. ಇಂಥಿಂಥ ಲಕ್ಷಣದ ಕೂದಲು ಸಾವಿರ ಜನರಲ್ಲಿ ಎಷ್ಟು ಮಂದಿಗಿದೆಯೆಂದು ಹೇಳುವ ನಂಬಲರ್ಹವಾದ ಪಟ್ಟಿಯನ್ನು ಯಾರೂ ಸಿದ್ಧಪಡಿಸಲಿಲ್ಲ. ಎರಡು ಕೂದಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ ‘ಹೋಲುತ್ತವೆ’ ಎನ್ನಬಹುದು, ‘ಇವನದೇ’ ಎನ್ನಲಾಗದು. ಈ ಎರಡು ಮಾತುಗಳ ಅಂತರ ಕೂದಲೆಳೆಯದಲ್ಲ, ಒಬ್ಬ ಮನುಷ್ಯನ ಆಯುಷ್ಯದ್ದು.

1978ರ ಜುಲೈನಲ್ಲಿ ವಾಷಿಂಗ್ಟನ್ ನಗರದಲ್ಲಿ ಒಬ್ಬ ಟ್ಯಾಕ್ಸಿ ಚಾಲಕನನ್ನು ಅವನ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಕೊಂದವನು ಮುಖಕ್ಕೆ ಕಾಲುಚೀಲದ ಮುಸುಕು ಹಾಕಿದ್ದನು. ಹತ್ತಿರದ ಬೀದಿಯಲ್ಲಿ ಸಿಕ್ಕ ಆ ಮುಸುಕಿನಲ್ಲಿ 13 ಕೂದಲುಗಳಿದ್ದವು. ಅವುಗಳಲ್ಲೊಂದು ಸ್ಯಾಂಟೆ ಟ್ರಿಬಲ್ ಎಂಬ ಹದಿನೇಳರ ಹುಡುಗನ ಕೂದಲನ್ನು ಎಲ್ಲ ಸೂಕ್ಷ್ಮ ಲಕ್ಷಣಗಳಲ್ಲಿಯೂ ಹೋಲುವುದೆಂದು ಎಫ್.ಬಿ.ಐ. ಪರೀಕ್ಷಕನು ಸಾಕ್ಷ್ಯ ನುಡಿದನು. ಸರಕಾರಿ ವಕೀಲನು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಅದು ಬೇರೆಯವರ ಕೂದಲಾಗಿರುವ ಸಂಭವ ಬಹುಶಃ ಕೋಟಿಗೊಂದು ಎಂಬರ್ಥದ ಮಾತನ್ನು ಪಂಚರ ಮುಂದೆ ಆಡಿದನು. ಆ ಕೋಟಿ ಎಲ್ಲಿಂದ ಬಂದಿತು? ಯಾವ ಎಣಿಕೆಯಿಂದಲೂ ಅಲ್ಲ. ಆ ಹೊತ್ತು ತಾನು ಬೇರೆಡೆ ಇದ್ದೆನೆಂದು ಹುಡುಗನೂ ಅವನ ಕಡೆಯವರೂ ಹೇಳಿದುದು ಪಂಚರಿಗೆ ಹಿಡಿಸಲಿಲ್ಲ. 1980ರಲ್ಲಿ ಅವನಿಗೆ ಇಪ್ಪತ್ತು ವರ್ಷಗಳಿಂದ ಜೀವಾವಧಿಯವರೆಗಿನ ಶಿಕ್ಷೆಯಾಯಿತು.

ಅಷ್ಟರೊಳಗೆ ಶಾಸ್ತ್ರ ಬೇರೊಂದು ದಾರಿ ಹಿಡಿದಿತ್ತು. ಬುಡವಿಲ್ಲದ ಕೂದಲಿನಿಂದಲೂ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ತೆಗೆಯುವುದು ಸಾಧ್ಯವಾಗಿ, 1996ರಲ್ಲಿ ಟೆನೆಸಿಯ ನ್ಯಾಯಾಲಯದಲ್ಲಿ ಅದು ಮೊದಲ ಸಲ ಅಮೆರಿಕದ ಸಾಕ್ಷ್ಯವಾಯಿತು. ಇದು ತಾಯಿಯಿಂದ ಮಕ್ಕಳಿಗೆ ಬರುವಂಥದು; ಒಡಹುಟ್ಟಿದವರೆಲ್ಲರಿಗೂ ಒಂದೇ. ಆದುದರಿಂದ ‘ಇವನದೇ’ ಎನ್ನಲು ಇದಕ್ಕೂ ಅಧಿಕಾರವಿಲ್ಲ. ‘ಇವನದಲ್ಲ’ ಎನ್ನುವ ಅಧಿಕಾರ ಮಾತ್ರ ಪೂರ್ತಿಯಾಗಿದೆ. ಸೂಕ್ಷ್ಮದರ್ಶಕದಲ್ಲಿ ಹೊಂದಿದುವೆಂದು ನಿರ್ಣಯಿಸಿದ್ದ 80 ಕೂದಲುಗಳನ್ನು ಎಫ್.ಬಿ.ಐ. ವಿಜ್ಞಾನಿಗಳೇ ಈ ವಿಧಾನದಿಂದ ಮರಳಿ ಒರೆಹಚ್ಚಿ 2002ರಲ್ಲಿ ಪ್ರಕಟಿಸಿದರು: 9 ಕೂದಲು ಬೇರೆಯವರವು.

2012ರಲ್ಲಿ ಟ್ರಿಬಲ್‌ನ ಮೊಕದ್ದಮೆಯ ಕೂದಲುಗಳನ್ನೂ ಪರೀಕ್ಷಿಸಲಾಯಿತು. ಹದಿಮೂರರಲ್ಲಿ ಒಂದೂ ಅವನದಾಗಿರಲಿಲ್ಲ. ಒಂದಂತೂ ಮನುಷ್ಯರದೇ ಅಲ್ಲ, ನಾಯಿಯದು. ಮನುಷ್ಯ ಪ್ರಾಣಿ ಎಂಬ ಭೇದವನ್ನು ತಿಳಿಯುವುದು ಈ ವಿದ್ಯೆಯ ಮೊದಲ ಪಾಠವೆಂಬುದನ್ನು ನೆನೆದರೆ ಈ ತಪ್ಪಿನ ಅಳತೆ ಸಿಗುತ್ತದೆ. ಅಂದಿಗೆ ಅವನು 28 ವರ್ಷಗಳನ್ನು ಸೆರೆಯಲ್ಲಿ ಕಳೆದಿದ್ದನು.

ಇಂಥ ಪ್ರಕರಣಗಳಿಂದಾಗಿಯೇ ಎಫ್.ಬಿ.ಐ. ತನ್ನ ಹಳೆಯ ಕಡತಗಳನ್ನು ಮರುಪರಿಶೀಲನೆಗೆ ತೆರೆಯಬೇಕಾಯಿತು. 2015ರ ಏಪ್ರಿಲ್‌ನಲ್ಲಿ ಹೊರಬಿದ್ದ ಸಂಗತಿ ಇದು: ಆರೋಪಿಯ ವಿರುದ್ಧ ಕೂದಲಿನ ಸಾಕ್ಷ್ಯ ಬಳಕೆಯಾದ 268 ವಿಚಾರಣೆಗಳಲ್ಲಿ 257ರಲ್ಲಿ ಪರೀಕ್ಷಕರು ಶಾಸ್ತ್ರ ಅನುಮತಿಸದ ಮಾತುಗಳನ್ನಾಡಿದ್ದರು. 28 ಮಂದಿ ಪರೀಕ್ಷಕರಲ್ಲಿ 26 ಮಂದಿಯ ಹೇಳಿಕೆ ಅಥವಾ ವರದಿಗಳಲ್ಲಿ ಈ ದೋಷವಿದ್ದಿತು. ಮರಣದಂಡನೆಗೆ ಗುರಿಯಾದವರ ದೋಷಯುಕ್ತ ಪ್ರಕರಣಗಳು 33; ಅವರಲ್ಲಿ 9 ಮಂದಿಗೆ ಆಗಲೇ ಶಿಕ್ಷೆ ಜಾರಿಯಾಗಿದ್ದಿತು. ಇವರೆಲ್ಲರೂ ನಿರಪರಾಧಿಗಳೆಂದು ಇದರರ್ಥವಲ್ಲ; ಬೇರೆ ಸಾಕ್ಷ್ಯಗಳೂ ಇದ್ದಿರಬಹುದು. ತಪ್ಪಿದ್ದುದು ಕೂದಲಲ್ಲಿಯೂ ಅಲ್ಲ, ಗಾಜಿನಲ್ಲಿಯೂ ಅಲ್ಲ. ಕಂಡುದನ್ನು ಹೇಳುವ ನಾಲಗೆಯಲ್ಲಿ.

ಭಾರತದಲ್ಲಿ ತಜ್ಞರ ಅಭಿಪ್ರಾಯಕ್ಕೆ ನ್ಯಾಯಾಲಯದ ಬಾಗಿಲು ತೆರೆದುದು 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ಅದರ ಸ್ಥಾನದಲ್ಲಿದೆ. ಎರಡರಲ್ಲಿಯೂ ತಜ್ಞನು ಕೊಡುವುದು ಅಭಿಪ್ರಾಯ, ತೀರ್ಪಲ್ಲ.

ಟ್ರಿಬಲ್ ನಿರಪರಾಧಿಯೆಂದು 2012ರ ಡಿಸೆಂಬರಿನಲ್ಲಿ ನ್ಯಾಯಾಲಯ ಸಾರಿತು. 2016ರಲ್ಲಿ ಅವನಿಗೆ ಒಂದು ಕೋಟಿ ಮೂವತ್ತೆರಡು ಲಕ್ಷ ಡಾಲರು ಪರಿಹಾರ ಕೊಡಬೇಕೆಂದು ನ್ಯಾಯಾಧೀಶರು ಆಜ್ಞೆ ಮಾಡಿದರು. 2020ರ ಜೂನ್‌ನಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ 59 ವರ್ಷ.