ಹದಿನಾಲ್ಕು ಕಂಬಗಳ ಮನೆ

ಅಮೆರಿಕದ ದಕ್ಷಿಣ ಸೀಮೆಯ ಹಳೆಯ ಮನೆ ಎಂದೊಡನೆ ನಮ್ಮಲ್ಲಿ ಹಲವರ ಕಣ್ಣ ಮುಂದೆ ನಿಲ್ಲುವುದು ‘ಗಾನ್ ವಿತ್ ದಿ ವಿಂಡ್’ ಚಲಚ್ಚಿತ್ರದ ಬಿಳಿಗಂಬದ ಸೌಧ. ಮುಂದೆ ಹುಲ್ಲುಹಾಸು, ಹಿಂದೆ ಹತ್ತಿಯ ಹೊಲ, ನಡುವೆ ರೇಷ್ಮೆ ಲಂಗಗಳ ಸರಬರ. ಜಾರ್ಜಿಯ ಸಂಸ್ಥಾನದಲ್ಲಿ, ಅಟ್ಲಾಂಟ ನಗರದ ಉತ್ತರಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದಲ್ಲಿರುವ ರಾಸ್‌ವೆಲ್ ಊರಿನ ಬ್ಯಾರಿಂಗ್ಟನ್ ಹಾಲ್ ಮೇಲುನೋಟಕ್ಕೆ ಈ ಕಲ್ಪನೆಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಈ ಮನೆಯ ಒಡೆಯ ಆ ಊರಿಗೆ ಬಂದದ್ದು ಹತ್ತಿ ಬೆಳೆಯುವುದಕ್ಕಲ್ಲ, ಹತ್ತಿಯನ್ನು ನೂತು ನೇಯಿಸುವುದಕ್ಕೆ. ಇದು ಗಿರಣಿಯವನ ಮನೆ.

ಕಥೆ ಒಡೆಯನ ತಂದೆಯಿಂದ ಆರಂಭವಾಗಬೇಕು. ರಾಸ್‌ವೆಲ್ ಕಿಂಗ್ ಉತ್ತರದ ಕನೆಕ್ಟಿಕಟ್‌ನಲ್ಲಿ 1765ರಲ್ಲಿ ಹುಟ್ಟಿದವನು. ಯೌವನದಲ್ಲಿ ಜಾರ್ಜಿಯದ ಕರಾವಳಿಗೆ ಬಂದು, 1802ರಿಂದ 1819ರವರೆಗೆ ಪಿಯರ್ಸ್ ಬಟ್ಲರ್ ಎಂಬ ಜಮೀನುದಾರನ ತೋಟಗಳ ಪಾರುಪತ್ಯ ನೋಡಿಕೊಂಡ. ಅವನೂ ಅವನ ನಂತರ ಅದೇ ಕೆಲಸಕ್ಕೆ ನಿಂತ ಅವನದೇ ಹೆಸರಿನ ಮಗನೂ ಅಲ್ಲಿನ ಗುಲಾಮರೊಡನೆ ಹೇಗೆ ನಡೆದುಕೊಂಡರೆಂಬುದನ್ನು ಇಂಗ್ಲಿಷ್ ನಟಿ ಫ್ಯಾನಿ ಕೆಂಬಲ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. 1863ರಲ್ಲಿ ಅಚ್ಚಾದ ಆ ಪುಸ್ತಕವನ್ನು ಓದುವುದು ಸುಲಭವಲ್ಲ. 1830ರ ದಶಕದಲ್ಲಿ ಈತನ ಕಣ್ಣು ಬಿದ್ದದ್ದು ಉತ್ತರ ಜಾರ್ಜಿಯದಲ್ಲಿ ರಭಸದಿಂದ ಇಳಿಯುವ ವಿಕರಿ ಎಂಬ ತೊರೆಯ ಮೇಲೆ. ನೀರಿನ ಚಕ್ರ ತಿರುಗಿಸಲು ಹೇಳಿ ಮಾಡಿಸಿದ ಜಾಗ. ಅದು ಚೆರೋಕಿ ಜನರ ನಾಡು. 1829ರಲ್ಲಿ ಆ ಸೀಮೆಯಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ ಮೇಲೆ ಅವರ ಭೂಮಿಯನ್ನು ಸರಕಾರ ಲಾಟರಿ ಎತ್ತಿ ಬಿಳಿಯರಿಗೆ ಹಂಚಿತ್ತು. 1838ರಲ್ಲಿ ಉಳಿದವರನ್ನೂ ಸೈನಿಕರು ಪಶ್ಚಿಮಕ್ಕೆ ಅಟ್ಟಿದರು. ಮರು ವರ್ಷವೇ ರಾಸ್‌ವೆಲ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿ ನೋಂದಣಿಯಾಯಿತು. ಕಿಂಗನ ಮಗ ಬ್ಯಾರಿಂಗ್ಟನ್ ಅದರ ಅಧ್ಯಕ್ಷ.

ಮನೆಗಳನ್ನು ಕಟ್ಟಲು ಕನೆಕ್ಟಿಕಟ್‌ನಿಂದ ವಿಲ್ಲಿಸ್ ಬಾಲ್ ಎಂಬ ಕುಶಲಿಯನ್ನು ಕರೆಸಿದರು. ಗ್ರೀಕರ ದೇವಾಲಯದ ಮಾದರಿಯಲ್ಲಿ ಮನೆ, ಬ್ಯಾಂಕು, ಕಚೇರಿ ಎಲ್ಲವನ್ನೂ ಕಟ್ಟುವುದು ಅಮೆರಿಕದಲ್ಲಿ ಆಗ ಪ್ರಬಲವಾಗಿದ್ದ ಹುಚ್ಚು. 1842ರಲ್ಲಿ ಮುಗಿದ ಬ್ಯಾರಿಂಗ್ಟನ್ ಹಾಲಿನ ಮೂರು ಮಗ್ಗುಲಿಗೂ ಎರಡು ಅಂತಸ್ತಿನ ಎತ್ತರದ ಹದಿನಾಲ್ಕು ಡೋರಿಕ್ ಕಂಬಗಳಿವೆ. ಉದ್ದಕ್ಕೂ ಗೀರು ತೋಡಿದ, ಮೇಲೆ ಹೂವು ಬಳ್ಳಿಗಳ ಗೊಡವೆಯಿಲ್ಲದ ಗಂಭೀರ ಕಂಬಗಳು. ದೂರದಿಂದ ಅಮೃತಶಿಲೆ ಎನಿಸಿದರೂ ಅವು ಬಿಳಿ ಬಣ್ಣ ಬಳಿದ ಮರ. ಇದನ್ನು ವಂಚನೆ ಎನ್ನಬೇಕಾಗಿಲ್ಲ. ಕಾಡಿನ ನಡುವೆ ಹುಟ್ಟಿದ ಊರಿನಲ್ಲಿ ಸಿಗುವುದು ಮರವೇ. ಶಿಲೆಯ ಪ್ರಮಾಣಗಳನ್ನು ಮರಕ್ಕೆ ಒಗ್ಗಿಸಿದ ಬಡಗಿಯ ಕೈ ಮೆಚ್ಚತಕ್ಕದ್ದೇ. ನಡುವೆ ಅಗಲವಾದ ಹಜಾರ, ಎರಡು ಕಡೆಗೂ ಎತ್ತರದ ಕೋಣೆಗಳು, ಕಂಬಸಾಲಿನ ನೆರಳು: ದಕ್ಷಿಣದ ಸೆಕೆಯನ್ನು ಬಲ್ಲವರು ಮಾಡಿದ ಏರ್ಪಾಡು. ಛಾವಣಿಯ ನೆತ್ತಿಯ ಮೇಲೆ ಕಟಕಟೆ ಹಾಕಿದ ಅಟ್ಟಣೆಯೊಂದಿದೆ. ನ್ಯೂ ಇಂಗ್ಲೆಂಡಿನ ಬಂದರೂರುಗಳಲ್ಲಿ ಕಾಣುವ ಈ ಅಲಂಕಾರ ಸಮುದ್ರವಿಲ್ಲದ ಊರಿನಲ್ಲಿ ಏಕೆಂದು ಕೇಳಬಹುದು. ಕಿಂಗ್ ಮನೆತನದ ಮೂಲ ಎಲ್ಲಿಯದೆಂಬುದನ್ನು ಅದು ಹೇಳುತ್ತದೆ, ಅಷ್ಟೆ. ಈ ಊರನ್ನು ಕಟ್ಟುವಲ್ಲಿ ಕರಾವಳಿಯಿಂದ ತಂದ ಗುಲಾಮರ ದುಡಿಮೆಯೂ ಇತ್ತು. ಮೇಸ್ತ್ರಿಯ ಹೆಸರು ಉಳಿದಂತೆ ಅವರ ಹೆಸರುಗಳು ಉಳಿಯಲಿಲ್ಲ.

ಗಿರಣಿಯ ಒಳಗೆ ದುಡಿದವರಾದರೋ ಹೆಚ್ಚಾಗಿ ಬಡ ಬಿಳಿಯರ ಹೆಂಗಸರು, ಮಕ್ಕಳು. ತೊರೆಯ ಬಳಿ ಅವರಿಗಾಗಿ ಕಟ್ಟಿದ ಎರಡು ಇಟ್ಟಿಗೆಯ ಸಾಲುಮನೆಗಳು ಇಂದಿಗೂ ನಿಂತಿವೆ. ಅವಕ್ಕೆ ಕಂಬಗಳಿಲ್ಲ.

1861ರಲ್ಲಿ ಅಂತರ್ಯುದ್ಧ ಹತ್ತಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿದರು. ಲ್ಯಾಂಕಷೈರಿನ ಗಿರಣಿಗಳು ಹತ್ತಿಯಿಲ್ಲದೆ ಬಾಯಿಬಿಟ್ಟವು. ಆ ಹಸಿವಿನ ಬಿಸಿ ನಮ್ಮ ಧಾರವಾಡದವರೆಗೂ ತಟ್ಟಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅಮೆರಿಕದ ಬೀಜವನ್ನೂ ಬೇಸಾಯಗಾರರನ್ನೂ ತರಿಸಿ ಅಲ್ಲಿ ಹತ್ತಿ ಬೆಳೆಯಿಸಿತ್ತಷ್ಟೆ. ಈಗ ಅದರ ಬೆಲೆ ಗಗನಕ್ಕೇರಿತು, ಯುದ್ಧ ಮುಗಿದೊಡನೆ ಕುಸಿಯಿತು. ಇತ್ತ ರಾಸ್‌ವೆಲ್ಲಿನ ಗಿರಣಿಗೆ ಬಿಡುವೇ ಇಲ್ಲ. ದಕ್ಷಿಣದ ಸೈನಿಕರ ಬೂದುಬಣ್ಣದ ಸಮವಸ್ತ್ರದ ಬಟ್ಟೆ ಇಲ್ಲಿ ತಯಾರಾಗುತ್ತಿತ್ತು.

1864ರ ಜುಲೈ 5ರಂದು ಉತ್ತರದ ಸೇನಾನಿ ಶರ್ಮನ್ನನ ಅಶ್ವದಳ, ಕೆನರ್ ಗ್ಯಾರಾರ್ಡ್ ಎಂಬವನ ನಾಯಕತ್ವದಲ್ಲಿ, ಊರಿಗೆ ಬಂತು. ಕಿಂಗ್ ಕುಟುಂಬ ಆ ವೇಳೆಗೆ ದೂರ ಹೋಗಿಯಾಗಿತ್ತು. ಗಿರಣಿಯ ಮೇಲೆ ಫ್ರಾನ್ಸಿನ ಬಾವುಟ ಹಾರುತ್ತಿತ್ತು! ಥಿಯೋಫಿಲ್ ರೋಶ್ ಎಂಬ ಫ್ರೆಂಚ್ ನೇಯ್ಗೆಗಾರನನ್ನು ಮುಂದೆ ನಿಲ್ಲಿಸಿ, ಇದು ತಟಸ್ಥ ರಾಷ್ಟ್ರದವನ ಆಸ್ತಿ ಎಂದು ತೋರಿಸುವ ಉಪಾಯ. ಅದು ಫಲಿಸಲಿಲ್ಲ, ಗಿರಣಿಗಳು ಉರಿದುಹೋದವು. ಬಳಿಕ ಶರ್ಮನ್ನನ ಆಜ್ಞೆ ಬಂತು: ಗಿರಣಿಗೆ ಸಂಬಂಧಪಟ್ಟ ಗಂಡಸರು ಹೆಂಗಸರನ್ನೆಲ್ಲ, ಎಷ್ಟೇ ಗೋಳಾಡಲಿ, ರಾಜದ್ರೋಹದ ಮೇಲೆ ಹಿಡಿದು ಕಳಿಸಬೇಕು. ಒಡೆಯರು ಸಿಗಲಿಲ್ಲ, ಸಿಕ್ಕವರು ನೂಲುವವರು. ಸುಮಾರು ನಾನ್ನೂರು ಮಂದಿಯನ್ನು, ಅವರಲ್ಲಿ ಬಹುಪಾಲು ಹೆಂಗಸರು ಮಕ್ಕಳನ್ನು, ಬಂಡಿಗಳಲ್ಲಿ ಮೇರಿಯೆಟ್ಟಕ್ಕೆ ಸಾಗಿಸಿ, ಅಲ್ಲಿಂದ ರೈಲಿನಲ್ಲಿ ಉತ್ತರದ ಕೆಂಟಕಿಯ ಲೂಯಿವಿಲ್ಲಿಗೆ ಕಳಿಸಲಾಯಿತು. ಕೆಲವರನ್ನು ಒಹಾಯೊ ನದಿ ದಾಟಿಸಿ ಇಂಡಿಯಾನದಲ್ಲಿ ಬಿಟ್ಟರು. ಸೈನ್ಯಕ್ಕೆ ಬಟ್ಟೆ ನೇಯ್ದದ್ದು ನಿಜ. ದಿನಗೂಲಿಗೆ ಮಗ್ಗದ ಮುಂದೆ ನಿಂತ ಹುಡುಗಿ ರಾಜದ್ರೋಹಿಯಾಗುವುದು ಹೇಗೆಂಬುದು ನನಗಂತೂ ಅರ್ಥವಾಗಿಲ್ಲ.

ಅವರಲ್ಲಿ ಹಲವರು ಮರಳಲೇ ಇಲ್ಲ. ಅಡಲೈನ್ ಬ್ಯಾಗ್ಲಿ ಬೈಸ್ ಎಂಬಾಕೆ ಬಸುರಿಯಾಗಿದ್ದಾಗ ಸಾಗಿಸಲ್ಪಟ್ಟು, ಚಿಕಾಗೋವರೆಗೆ ಹೋಗಿ, ಐದು ವರ್ಷಗಳ ಮೇಲೆ ಕಾಲ್ನಡಿಗೆಯಲ್ಲಿ ಜಾರ್ಜಿಯಕ್ಕೆ ಬಂದಳೆಂದು ಅವಳ ಗೋರಿಯ ಕಲ್ಲೇ ಹೇಳುತ್ತದೆ. ಬರುವಷ್ಟರಲ್ಲಿ, ಸತ್ತಳೆಂದು ತಿಳಿದ ಗಂಡ ಬೇರೆ ಮದುವೆಯಾಗಿದ್ದನಂತೆ.

ದೊಡ್ಡ ಮನೆಗಳಿಗೆ ಮಾತ್ರ ಬೆಂಕಿ ಬೀಳಲಿಲ್ಲ. ಹಾಗೆಂದು ಯುದ್ಧ ಕಿಂಗರನ್ನು ಬಿಟ್ಟಿತೆಂದಲ್ಲ. ಇಬ್ಬರು ಗಂಡುಮಕ್ಕಳು ರಣರಂಗದಲ್ಲಿ ಸತ್ತರು. ಬ್ಯಾರಿಂಗ್ಟನ್ ಹಿಂದಿರುಗಿ ಗಿರಣಿಯನ್ನು ಮತ್ತೆ ಎಬ್ಬಿಸಲು ತೊಡಗಿದ. 1866ರಲ್ಲಿ ಕುದುರೆ ಒದ್ದು ತೀರಿಕೊಂಡ. ಮಗಳು ಎವೆಲಿನ್ ದೀರ್ಘಕಾಲ ಬದುಕಿದ್ದಳು. ಪಕ್ಕದ ಬುಲಕ್ ಹಾಲಿನಲ್ಲಿ 1853ರಲ್ಲಿ ನಡೆದ ಮಿಟ್ಟಿ ಬುಲಕ್‌ಳ ಮದುವೆಯಲ್ಲಿ ಆಕೆ ವಧುವಿನ ಗೆಳತಿಯಾಗಿ ನಿಂತಿದ್ದವಳು. ಆ ವಧುವಿನ ಮಗನೇ ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್. ಎಂಬತ್ತೇಳರ ಎವೆಲಿನ್‌ಳನ್ನು ಕಂಡು ಆ ಮದುವೆಯ ವೈಭವವನ್ನು 1923ರಲ್ಲಿ ಅಟ್ಲಾಂಟದ ಪತ್ರಿಕೆಗೆ ಬರೆದ ತರುಣಿಯ ಹೆಸರು ಮಾರ್ಗರೆಟ್ ಮಿಚೆಲ್. ‘ಗಾನ್ ವಿತ್ ದಿ ವಿಂಡ್’ ಕಾದಂಬರಿಯ ಕರ್ತೃ ಅವಳೇ. ಮದುವೆಯ ಕಥೆ ಹೀಗೆ ಅಚ್ಚಾಯಿತು. ಸಾಗಿಸಲ್ಪಟ್ಟವರ ಕಥೆ ಮನೆಗಳ ಮಾತಿನಲ್ಲಿ ಉಳಿದು, ಬಹಳ ತಡವಾಗಿ ಪುಸ್ತಕಗಳಿಗೆ ಬಂತು.

2005ರಲ್ಲಿ ಬ್ಯಾರಿಂಗ್ಟನ್ ಹಾಲನ್ನು ಊರಿನ ಪೌರಸಭೆ ಕೊಂಡು ವಸ್ತುಸಂಗ್ರಹಾಲಯ ಮಾಡಿದೆ. ಅದಕ್ಕೂ ಐದು ವರ್ಷ ಮೊದಲೇ ಹಳೆಯ ಗಿರಣಿಯ ಬಳಿಯ ಉದ್ಯಾನದಲ್ಲಿ ಆ ನಾನ್ನೂರು ಮಂದಿಗೆ ಸ್ಮಾರಕ ನಿಂತಿತ್ತು. ಅದೂ ಒಂದು ಕಂಬವೇ, ತುದಿ ಮುರಿದದ್ದು.